ಬಾವ್ ಲುವೊ ವಾನ್ ಶಿಯಾಂಗ್ ಮತ್ತು ನಮ್ಮ ಮನೆಯ ಬಾಳೆಎಲೆ

ಯಾವುದನ್ನೂ ಬಿಡಲಾರದ ಸ್ವಭಾವ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥ ಭಾಗ್ಯವಂತರಲ್ಲಿ ನಾನೂ ಒಬ್ಬ. ಎರಡು ದಿನದ ಮಟ್ಟಿಗೆ ಸಮುದ್ರ ನೋಡಿ ಬರೋಣವೆಂದು ಲಂಡನ್ನಿನ ಹ್ಯಾರೋದ ನಮ್ಮ ಮನೆಯಿಂದ ಹೊರಟರೂ ಕಾರಿನ ಡಿಕ್ಕಿಯಲ್ಲಿ ಕೊಡೆ, ಉಣ್ಣೆಯ ಕೋಟು, ಈಜುವ ಚಡ್ಡಿ, ಇಸ್ತ್ರಿಪೆಟ್ಟಿಗೆ, ಪುಟ್ಟ ಕುಕ್ಕರು, ಒಂದಿಷ್ಟು ಅವಲಕ್ಕಿ ಎಲ್ಲವೂ ನನಗಿಂತ ಮೊದಲೇ ಹತ್ತಿ ಕೂತಿರುತ್ತವೆ. "ಯಾಕ್ರೀ, ಅಲ್ಲಿ ಅಂಗಡಿ ಇಲ್ಲೇನು?" ಎಂದು ಹೆಂಡತಿ ಸುಧಾ ಕೇಳುತ್ತಾಳೆ. ಅಂಗಡಿ ಇರುತ್ತದೆ, ಆದರೆ ಮುಚ್ಚಿರಬಹುದಲ್ಲ! ಈ 'ಬಹುದಲ್ಲ' ಎಂಬುದೇ ನನ್ನ ಬದುಕಿನ ಅಡಿಪಾಯ. ವೃತ್ತಿಯಲ್ಲೂ ಅದೇ ನನಗೆ ಅನ್ನ ಕೊಟ್ಟಿದೆ. ನಾನು ರೇಡಿಯಾಲಜಿಸ್ಟ್, ಎಂದರೆ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕೂತು, ಮುಖ ನೋಡದ ಜನರ ಎಲುಬು, ಶ್ವಾಸಕೋಶಗಳ ಚಿತ್ರ ನೋಡಿ ವರದಿ ಬರೆಯುವವನು. ಇದೂ ಇರಬಹುದು, ಅದೂ ಇರಬಹುದು, ಮತ್ತೊಂದನ್ನು ಇಲ್ಲವೆನ್ನಲಾಗದು ಎಂದು ಬರೆಯುತ್ತ ಹೋದರೆ ನನಗೆ ಪುಟ ಸಾಲದು. ಒಮ್ಮೆ ಸರ್ಜನ್ ಒಬ್ಬರು ಫೋನ್ ಮಾಡಿ, "ಡಾಕ್ಟರ್, ಈ ರೋಗಿಗೆ ಯಾವ ಯಾವ ಕಾಯಿಲೆ ಇಲ್ಲ ಎಂಬುದನ್ನಷ್ಟೇ ಬರೆದಿದ್ದರೆ ಸುಲಭವಾಗುತ್ತಿತ್ತು, ಬೇಗ ಮುಗಿಯುತ್ತಿತ್ತು" ಎಂದರು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಈ ನನ್ನ ಗುಣಕ್ಕೆ ಹೊಂದುವ ಮಾತೊಂದು ಚೀನೀ ಭಾಷೆಯಲ್ಲಿ ರೆಡಿಯಾಗಿ ಕೂತಿದೆ ಎಂಬುದು ನನಗೆ ಗೊತ್ತಾದದ್ದು ಜುನ್‌ನಿಂದ. ಜುನ್ ನನ್ನ ಮಗಳು ಮೇಘನಾಳ ಗೆಳೆಯ, ಹಲ್ಲಿನ ಡಾಕ್ಟರು. 'ಮಗಳ ಗೆಳೆಯ' ಎಂದು ನಾಲ್ಕು ಜನರ ಮುಂದೆ ತೊದಲದೆ ಹೇಳುವುದನ್ನು ಕಲಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತೆನ್ನಿ. ಮೊದಲ ಸಲ ಮನೆಗೆ ಬಂದ ಹುಡುಗ ನಮ್ಮ ಹಾಲಿನ ಷೋಕೇಸಿನ ಮುಂದೆ ನಿಂತವನು ನಿಂತೇಬಿಟ್ಟ. ಅದರಲ್ಲಿ ಚನ್ನಪಟ್ಟಣದ ಗೊಂಬೆಗಳು, ಹಿತ್ತಾಳೆಯ ದೀಪಗಳು, ಮಗಳು ಶಾಲೆಯಲ್ಲಿ ಗೆದ್ದ ಕಪ್‌ಗಳು, ಯಾರದೋ ಮದುವೆಯಲ್ಲಿ ಕೊಟ್ಟ ಕುಂಕುಮದ ಬಟ್ಟಲು, ಲಂಡನ್ನಿನ ಪುಟಾಣಿ ಕೆಂಪು ಬಸ್ಸು, ಔಷಧ ಕಂಪನಿಯವರು ಯಾವಾಗಲೋ ಕೊಟ್ಟ ಪ್ಲಾಸ್ಟಿಕ್ಕಿನ ಬೆನ್ನೆಲುಬು, ಅದರ ಕೊರಳಿಗೆ ಒಂದು ಗಂಧದ ಹಾರ. ಜುನ್ ನಿಧಾನವಾಗಿ, "ಬಾವ್ ಲುವೊ ವಾನ್ ಶಿಯಾಂಗ್" ಎಂದ.

ನಾನು ಬಿಡುತ್ತೇನೆಯೇ? ಅರ್ಥ ಹೇಳುವವರೆಗೂ ಅವನಿಗೆ ಕಾಫಿ ಕೊಡಲಿಲ್ಲ. ನಾಲ್ಕೇ ಅಕ್ಷರದ ಮಾತು ಅದು. ಬಾವ್ ಎಂದರೆ ಸುತ್ತಿಕೊಳ್ಳುವುದು, ಒಳಗೊಳ್ಳುವುದು. ಲುವೊ ಎಂದರೆ ಬಲೆ ಬೀಸಿ ಬಳಿದುಕೊಂಡಂತೆ ಸೇರಿಸಿಕೊಳ್ಳುವುದು. ವಾನ್ ಎಂದರೆ ಹತ್ತು ಸಾವಿರ; ಆದರೆ ಅದನ್ನು ಯಾರೂ ಎಣಿಸಲು ಹೋಗಬಾರದು, ನಾವು ಮೂವತ್ತಮೂರು ಕೋಟಿ ದೇವತೆಗಳು ಎನ್ನುವುದಿಲ್ಲವೇ, ಹಾಗೆ. ಶಿಯಾಂಗ್ ಎಂದರೆ ಕಣ್ಣಿಗೆ ಕಾಣುವ ನಾನಾ ರೂಪಗಳು. ಒಟ್ಟಿನಲ್ಲಿ ಜಗತ್ತಿನಲ್ಲಿ ಇರುವುದೆಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿರುವಂಥದ್ದು. ವಿಶ್ವಕೋಶಕ್ಕೆ, ದೊಡ್ಡ ಮ್ಯೂಸಿಯಮ್ಮಿಗೆ, ವಸ್ತುಪ್ರದರ್ಶನಕ್ಕೆ, ಪಂಡಿತರ ಉಪನ್ಯಾಸಕ್ಕೆ ಹೀಗೆನ್ನುತ್ತಾರಂತೆ. "ನಮ್ಮ ಅಮ್ಮ ಇನ್ನೂ ಚೆನ್ನಾಗಿ ಹೇಳುತ್ತಾರೆ ಅಂಕಲ್, ಅವರು ಕ್ರಾಯ್ಡನ್‌ನಲ್ಲಿ ಶನಿವಾರದ ಚೀನೀ ಶಾಲೆಯ ಟೀಚರ್" ಎಂದ ಜುನ್.

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮಾರನೆಯ ದಿನದಿಂದಲೇ ಕಂಡಕಂಡಲ್ಲಿ ಅಂಟಿಸತೊಡಗಿದೆ. ಹುಣಸೆಹಣ್ಣಿನಿಂದ ಹಿಡಿದು ಕುಕ್ಕರಿನ ಗ್ಯಾಸ್ಕೆಟ್‌ವರೆಗೆ ಎಲ್ಲವನ್ನೂ ಮಾರುವ ನಮ್ಮ ಬೀದಿಯ ತಮಿಳು ಅಂಗಡಿಯವನಿಗೆ ಹೇಳಿದೆ. ಅವನು ಹೊಸ ತರಕಾರಿಯ ಹೆಸರಿರಬೇಕೆಂದು "ಶುಕ್ರವಾರ ಬರುತ್ತೆ ಸಾರ್" ಎಂದ. ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಒಬ್ಬರ ಕಂಕುಳಲ್ಲಿ ಒಬ್ಬರು ನಿಂತಿದ್ದ ಬೆಳಗಿನ ಗುಂಪು ನೋಡಿ ಜುನ್‌ಗೆ ಮೆಸೇಜ್ ಕಳಿಸಿದೆ: ಇದಕ್ಕೂ ಹೇಳಬಹುದೇ? ಅಂಗಡಿಗಾದರೆ ಸರಿ, ಇಕ್ಕಟ್ಟಿಗೆ ಹೇಳುವುದಿಲ್ಲ, ಬಗೆಬಗೆಯದ್ದು ಇರಬೇಕು ಎಂದು ಅವನು ಪಾಪ ಎರಡು ರೋಗಿಗಳ ನಡುವೆ ಉತ್ತರ ಬರೆದ. ಯಾರದೋ ಹಲ್ಲು ಅರ್ಧ ಕಿತ್ತು ನಿಲ್ಲಿಸಿದ್ದನೋ ಏನೋ, ನಾನು ಕೇಳಲಿಲ್ಲ.

ಇಷ್ಟರಲ್ಲಿ ನಿಜವಾದ ಪರೀಕ್ಷೆ ಬಂತು. ಮಕ್ಕಳಿಬ್ಬರೂ ಮದುವೆಯಾಗುವುದೆಂದು ನಿರ್ಧರಿಸಿದ್ದರು. ನಮ್ಮದೇನೂ ತಕರಾರಿರಲಿಲ್ಲ. ಜುನ್‌ನ ತಾಯಿ ಮಿಸೆಸ್ ಲಿಯು ಮಾತ್ರ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ಈ ದೇಶದಲ್ಲಿ ತಾಯಿ ಮಗ ಇಬ್ಬರೇ. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದು, ನಮ್ಮನ್ನು ಕಂಡು, ಆಮೇಲೆ ಮಾತು ಎಂದಿದ್ದರು. ಮೇಘನಾ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋಗಿ, "ಅಪ್ಪಾ, ಲಿಸನ್. ಆಂಟಿಗೆ ನಮ್ಮ ಕಲ್ಚರ್ ಪ್ರಾಬ್ಲಮ್ ಅಲ್ಲ. ಶೀ ಈಸ್ ಸ್ಕೇರ್ಡ್. ಅವರ ಮನೇಲಿ ಎಲ್ಲರೂ ಇದ್ದಾರೆ, ಎಲ್ಲ ಇದೆ, ಅಲ್ಲಿ ನಾನು ಯಾಕೆ ಅಂತ ಜುನ್‌ನ ಕೇಳಿದ್ರಂತೆ. ಸೋ ಪ್ಲೀಸ್, ಕೀಪ್ ಇಟ್ ಸಿಂಪಲ್. ಅನ್ನ, ಸಾರು, ಒಂದು ಪಲ್ಯ. ದಟ್ಸ್ ಆಲ್" ಎಂದಳು. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಇಷ್ಟೊಂದು ಕನ್ನಡ ಆಡಬೇಕಾದರೆ ವಿಷಯ ಗಂಭೀರವಾಗಿರಲೇಬೇಕು. "ಆಯ್ತು ಪುಟ್ಟಿ, ಅನ್ನ ಸಾರು ಪಲ್ಯ" ಎಂದು ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಕೊಡುವಾಗ ಪ್ರಾಮಾಣಿಕವಾಗಿಯೇ ಕೊಟ್ಟೆ. ಆದರೆ ಮೈಸೂರಿನವನಾದ ನಾನು ಬೀಗರಾಗುವವರಿಗೆ ಬಿಸಿಬೇಳೆಬಾತ್ ಇಲ್ಲದ ಎಲೆ ಹಾಕುವುದೆಂದರೆ! ಅದನ್ನೊಂದು ಸೇರಿಸಿದೆ. ಸುಧಾ ಧಾರವಾಡದವಳು. "ನಿಮ್ಮ ಮೈಸೂರು ಬಂತಂದ್ರ ನಮ್ಮ ಧಾರವಾಡ ಏನ್ ಪಾಪ ಮಾಡೇತ್ರೀ?" ಎಂದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಮೆಣಸಿನಕಾಯಿಯ ರಂಜಕ ಬಂದವು. ಎರಡು ಸೀಮೆ ಬಂದ ಮೇಲೆ ಕರಾವಳಿಯನ್ನು ಬಿಟ್ಟರೆ ಪಿನ್ನರ್‌ನಲ್ಲಿರುವ ಉಡುಪಿಯ ಗೆಳೆಯರಿಗೆ ನಾನು ಮುಖ ತೋರಿಸುವುದು ಹೇಗೆ? ನೀರುದೋಸೆ ಬಂತು. ಸಿಹಿಗೆ ನನ್ನದು ಒಬ್ಬಟ್ಟು, ಅವಳದು ಹೋಳಿಗೆ. ಎರಡೂ ಒಂದೇ ಎಂದು ನೆನಪಾಗುವ ಹೊತ್ತಿಗೆ ಜಗಳ ಮುಗಿದು ಪಾಯಸವೂ ಸೇರಿತ್ತು. ದೊಡ್ಡ ಪಾತ್ರೆ ಬೇಕೆಂದು ಗ್ರೀನ್‌ಫರ್ಡ್‌ನ ಗೋದಾಮಿನಂಥ ಅಂಗಡಿಗೆ ಹೋದವನು, ಅಲ್ಲಿ ಕಂಡಿತೆಂದು ಒಂದು ಕಟ್ಟು ಚಾಪ್‌ಸ್ಟಿಕ್ ಕೂಡ ತಂದೆ. ಅತಿಥಿಗಳಿಗೆ ಬೇಕಾಗಬಹುದಲ್ಲ! ಅವರಿಗೆ ಮುಜುಗರವಾಗದಿರಲೆಂದು ಜೊತೆಗೆ ನಾನೂ ಅದರಲ್ಲೇ ತಿನ್ನುವುದೆಂದು ಗೊತ್ತುಮಾಡಿ, ಆ ವಾರವೆಲ್ಲ ಶಾವಿಗೆ ಉಪ್ಪಿಟ್ಟಿನ ಮೇಲೆ ಅಭ್ಯಾಸ ನಡೆಸಿದೆ. ಶಾವಿಗೆ ಹೇಗೋ ಬಾಯಿಯ ತನಕ ಬಂತು. ಸಾಸಿವೆ ಕಾಳು ಮಾತ್ರ ಕೊನೆಯವರೆಗೂ ಬಗ್ಗಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲು ತೆರೆದರೆ ಜುನ್‌ನ ಹಿಂದೆ ತೆಳ್ಳಗೆ, ನೆಟ್ಟಗೆ ನಿಂತ ಹೆಂಗಸು. ನಾವು ಹೇಳುವ ಮೊದಲೇ ಬೂಟು ಬಿಚ್ಚಿ ಗೋಡೆಗೆ ಸಾಲಾಗಿಟ್ಟರು. ಸುಧಾ ನನ್ನ ಕಡೆ ನೋಡಿದಳು. ನನ್ನ ಚಪ್ಪಲಿಗಳು ಎಂದಿನಂತೆ ಒಂದು ಇಲ್ಲಿ ಒಂದು ಅಲ್ಲಿ ಬಿದ್ದಿದ್ದವು. ಮಿಸೆಸ್ ಲಿಯು ಅವರ ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಡಬ್ಬಿಯಿತ್ತು. ಅದನ್ನು ಈಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನಾಗಲೇ ಮಾತಿಗೆ ತೊಡಗಿದ್ದೆ. ಅವರಿಗೆ ಸಂಕೋಚವಾಗಬಾರದೆಂದು ಕೌನ್ಸಿಲ್‌ನವರು ಕಸದ ಡಬ್ಬಿ ಒಯ್ಯುವ ವೈಖರಿಯಿಂದ ಶುರುಮಾಡಿ, ಮೈಸೂರಿನ ಮಲ್ಲಿಗೆ, ಕ್ರಾಯ್ಡನ್‌ನಿಂದ ಬರುವ ರಸ್ತೆಗಳು, ಮೂತ್ರಪಿಂಡದ ಕಲ್ಲುಗಳಲ್ಲಿ ಇರುವ ವಿಧಗಳು, ಹೀಗೆ ಎಲ್ಲಿಯೂ ತಡವರಿಸದೆ ಊಟದ ಮೇಜಿನವರೆಗೂ ಕರೆತಂದೆ. ಇದೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಅವರದು ಅಳೆದು ಆಡುವ ಇಂಗ್ಲಿಷು, ನನ್ನದು ಅಳತೆ ಇಲ್ಲದ್ದು.

ಮೇಜಿನ ಮೇಲೆ ಬಾಳೆಎಲೆಗಳು. ಎಲೆಯೆಂದು ನಾನು ಹೇಳಬೇಕಷ್ಟೇ, ಹಸಿರು ಎಲ್ಲೂ ಕಾಣುತ್ತಿರಲಿಲ್ಲ. ರೊಟ್ಟಿಯ ಮೇಲೆ ನೀರುದೋಸೆ ಒರಗಿತ್ತು, ಕೋಸಂಬರಿ ಉಪ್ಪಿನಕಾಯಿಯೊಳಗೆ ಕಾಲಿಟ್ಟಿತ್ತು, ಬಿಸಿಬೇಳೆಬಾತ್ ನಡುಮನೆಯಲ್ಲಿ ಕೂತ ಯಜಮಾನನಂತೆ ಕೂತಿತ್ತು. ಮೇಘನಾ ಎಲೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ನಾನು ಚಾವಣಿ ನೋಡಿದೆ. ಸುಧಾ ನಮ್ಮ ಕಡೆಯ ಪದ್ಧತಿಯಂತೆ ಕೈ ಜೋಡಿಸಿ, "ಏನೂ ಮಾಡಿಲ್ರೀ, ಸುಮ್ನ ಒಂದೀಟು ಅನ್ನ ಸಾರು" ಎಂದಳು. ಅದನ್ನು ಮಗಳು ಇಂಗ್ಲಿಷಿಗೆ ತರುವಷ್ಟರಲ್ಲೇ ನಾನು ಎದ್ದು ನಿಂತು, ಎದೆಯುಬ್ಬಿಸಿ, ವಾರದಿಂದ ಕನ್ನಡಿಯ ಮುಂದೆ ತಿದ್ದಿಕೊಂಡಿದ್ದ ಉಚ್ಚಾರದಲ್ಲಿ ಘೋಷಿಸಿದೆ: "ಮಿಸೆಸ್ ಲಿಯು, ಇಂದು ನಮ್ಮ ಮನೆಯ ಊಟ ಬಾವ್ ಲುವೊ ವಾನ್ ಶಿಯಾಂಗ್! ಇಲ್ಲಿ ಎಲ್ಲವೂ ಇದೆ. ಇಲ್ಲ ಎನ್ನುವಂಥದ್ದು ಒಂದೂ ಇಲ್ಲ."

ಚಪ್ಪಾಳೆ ಬರುತ್ತದೆಂದುಕೊಂಡಿದ್ದೆ. ಮಿಸೆಸ್ ಲಿಯು ಎಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. "ಹೌದು. ಇಲ್ಲ ಎನ್ನುವಂಥದ್ದು ಒಂದೂ ಇಲ್ಲ" ಎಂದು ಮೆಲ್ಲಗೆ ಹೇಳಿ, ಕೈಯಲ್ಲಿದ್ದ ಡಬ್ಬಿಯನ್ನು ಮಡಿಲಿಗೆ ಇಳಿಸಿಕೊಂಡು, ಅದರ ಮೇಲೆ ಎರಡೂ ಕೈ ಮುಚ್ಚಿಕೊಂಡರು. ಜುನ್ ತಲೆ ತಗ್ಗಿಸಿದ. ಮೇಘನಾಳ ಮುಖ ಹುಳ್ಳಗಾಯಿತು. ಇಷ್ಟು ವರ್ಷ ಬೇರೆಯವರ ಎದೆಗೂಡು ನೋಡಿ ವರದಿ ಬರೆದವನಿಗೆ ಎದುರಿಗೆ ಕೂತ ಒಬ್ಬ ತಾಯಿಯ ಎದೆಯಲ್ಲಿ ಏನಿದೆ ಎಂಬುದು ಆಗ, ಆ ಡಬ್ಬಿಯ ಮೇಲಿನ ಕೈಗಳನ್ನು ಕಂಡಾಗ ತಿಳಿಯಿತು. ಅವರು ಕೇಳಲು ಬಂದದ್ದು ಒಂದೇ ಪ್ರಶ್ನೆ, ನಿಮ್ಮಲ್ಲಿ ನನಗೆ ಜಾಗ ಇದೆಯೇ ಎಂದು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು, ಚೀನೀ ಭಾಷೆಯಲ್ಲಿ, ಇಲ್ಲ ಎಂದಿದ್ದೆ. ನನಗೆ ನಿಜವಾಗಿ ಅಳು ಬಂತು. ಎದೆಯುಬ್ಬಿಸಿ ನಿಂತಿದ್ದವನು ಹಾಗೇ ಕೂತುಬಿಟ್ಟೆ.

ಕಾಪಾಡಿದವಳು ಸುಧಾ. "ಆ ಡಬ್ಬಿ ಒಳಗ ಏನೈತಿ ಕೇಳ್ರೀ. ಆಗಿಂದ ಹಿಡಕೊಂಡ ಕುಂತಾರ, ಈಸ್ಕೋಬೇಕಂತ ಒಬ್ರಿಗರ ತಿಳೀಲಿಲ್ಲಲ್ಲ ನಮಗ" ಎಂದವಳು ನಾನು ಕೇಳುವುದನ್ನು ಕಾಯದೆ, ತಾನೇ ಅವರ ಪಕ್ಕಕ್ಕೆ ಹೋಗಿ ಎರಡೂ ಕೈ ಚಾಚಿದಳು. ಬಟ್ಟೆ ಬಿಚ್ಚಿದರೆ ಒಳಗೆ ಡಂಪ್ಲಿಂಗ್‌ಗಳು, ನಮ್ಮ ಕರಿಗಡುಬಿನ ತಂಗಿಯರಂತೆ, ಒಂದರ ಅಂಚಿನ ಮಡಿಕೆ ಇನ್ನೊಂದರದ್ದರಂತೆಯೇ. ನಾವು ಸಸ್ಯಾಹಾರಿಗಳೆಂದು ಕೋಸು, ಅಣಬೆ, ತೋಫು ತುಂಬಿ, ಮೊಟ್ಟೆಯೂ ತಾಗದಂತೆ ಬೇರೆ ಪಾತ್ರೆಯಲ್ಲಿ ಬೇಯಿಸಿ ತಂದಿದ್ದರು. ಬೆಳಗಾಗುವ ಮುಂಚೆಯೇ ಎದ್ದು ಮಾಡಿದರಂತೆ. "ನಿಮ್ಮ ಊಟದ ಮುಂದೆ ಇದು ಏನೂ ಅಲ್ಲ" ಎಂದರು.

"ಎಲಿ ಮ್ಯಾಲ ಹಾಕ್ರಿ" ಎಂದಳು ಸುಧಾ. ಎಲ್ಲಿ ಹಾಕುವುದು? ಜಾಗವೇ ಇಲ್ಲ. ಕೋಸಂಬರಿಯನ್ನು ಅತ್ತ ತಳ್ಳಿದೆ, ಪಲ್ಯ ಕೆಳಗೆ ಬಿತ್ತು. ಚಟ್ನಿಯನ್ನು ಇತ್ತ ಸರಿಸಿದೆ, ಸಾರು ಕಟ್ಟೆಯೊಡೆದು ನನ್ನ ಪ್ಯಾಂಟಿನ ಕಡೆ ಹೊರಟಿತು. ಒಂದು ಡಂಪ್ಲಿಂಗ್‌ಗಾಗಿ ಅಖಂಡ ಕರ್ನಾಟಕವೇ ಅಲ್ಲೋಲಕಲ್ಲೋಲವಾಯಿತು. ಸುಧಾ ಸೊಂಟದ ಮೇಲೆ ಕೈಯಿಟ್ಟು, "ತೆಗೀರಿ ನಿಮ್ಮ ಬಿಸಿಬೇಳೆಬಾತ್" ಎಂದಳು. ನನ್ನ ಮೈಸೂರು! ರಾತ್ರಿ ಕೂತು ಮಸಾಲೆ ಹುರಿದು ಪುಡಿಮಾಡಿ ನಾನೇ ಕೈಯಾರೆ ಕೂಡಿಸಿದ್ದು! ಆದರೆ ಎದುರಿಗೆ ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಸೌಟು ತಂದು, ಮೊದಲು ಮಿಸೆಸ್ ಲಿಯು ಅವರ ಎಲೆಯಿಂದ, ಆಮೇಲೆ ಎಲ್ಲರ ಎಲೆಯಿಂದ ಬಿಸಿಬೇಳೆಬಾತನ್ನು ಪೂರ್ತಿ ಎತ್ತಿ ಪಾತ್ರೆಗೆ ಹಾಕಿದೆ. ಎಲೆಯ ನಡುವೆ ಹಸಿರು ಕಂಡಿತು. ಅಲ್ಲಿ ಡಂಪ್ಲಿಂಗ್‌ಗಳು ಕೂತವು. ಮಿಸೆಸ್ ಲಿಯು ಅವನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ಬಿಸಿಬೇಳೆಬಾತಿಗಿಂತ ಅವು ಆ ಜಾಗಕ್ಕೆ ಚೆನ್ನಾಗಿ ಒಪ್ಪಿದವು.

ಇನ್ನೇನು ಊಟ ಶುರು ಎನ್ನುವಾಗ ಇನ್ನೊಂದು ತಮಾಷೆ. ನಾನು ಗಂಭೀರವಾಗಿ ಚಾಪ್‌ಸ್ಟಿಕ್ ಕೈಗೆತ್ತಿಕೊಂಡರೆ, ಮಿಸೆಸ್ ಲಿಯು ತೋಳು ಮಡಚಿ ಬರಿಗೈಯಲ್ಲಿ ಅನ್ನ ಕಲಸತೊಡಗಿದ್ದರು! ಮಗನನ್ನು ಎದುರಿಗೆ ಕೂರಿಸಿಕೊಂಡು ಅವರೂ ವಾರವೆಲ್ಲ ಮನೆಯಲ್ಲಿ ಕೈಯಲ್ಲಿ ತಿನ್ನುವ ಅಭ್ಯಾಸ ಮಾಡಿದ್ದರಂತೆ. ಅವರ ತುತ್ತು ಅಚ್ಚುಕಟ್ಟಾಗಿ ಬಾಯಿಗೆ ಹೋಗುತ್ತಿತ್ತು. ನನ್ನ ಹೆಸರುಬೇಳೆ ಎಲೆಯ ತುಂಬ ಓಡಾಡುತ್ತಿತ್ತು. ಜುನ್ ಮೊದಲು ನಕ್ಕ. ಆಮೇಲೆ ಮೇಘನಾ. ಆಮೇಲೆ ಮಿಸೆಸ್ ಲಿಯು ಎಂಥ ನಗು ನಕ್ಕರೆಂದರೆ ಎಡಗೈಯಲ್ಲಿ ಕಣ್ಣೊರೆಸಿಕೊಳ್ಳಬೇಕಾಯಿತು. ಸುಧಾ ಮಾತ್ರ, "ಸಾಕ್ ಬಿಡ್ರೀ, ಕೈ ತೊಳಕೊಂಡ್ ಬಂದು ಮನಷ್ಯಾರಂಗ ಊಟಾ ಮಾಡ್ರಿ" ಎಂದು ಕಡ್ಡಿಗಳನ್ನು ಕಿತ್ತಿಟ್ಟಳು.

ನಗು ಇಳಿದ ಮೇಲೆ ಅವರೊಳಗಿನ ಟೀಚರು ಎದ್ದು ಬಂದರು. "ನೀವು ಹೇಳಿದ ಮಾತಿನ ಉಚ್ಚಾರ ಪರವಾಗಿಲ್ಲ. ಬಳಕೆ ತಪ್ಪು. ಅದನ್ನು ಬೇರೆಯವರ ಪುಸ್ತಕಕ್ಕೆ, ಬೇರೆಯವರ ಸಂಗ್ರಹಕ್ಕೆ ಹೇಳುತ್ತಾರೆ. ತನ್ನ ಮನೆಯ ಊಟಕ್ಕೆ ತಾನೇ ಹೇಳಿಕೊಳ್ಳುವುದಿಲ್ಲ. ನಮ್ಮಲ್ಲಿ ಮೇಜು ಮುರಿಯುವಷ್ಟು ಮಾಡಿದ್ದರೂ, ಇವತ್ತು ಏನೂ ಅಡುಗೆಯಿಲ್ಲ, ಕ್ಷಮಿಸಿ ಎನ್ನಬೇಕು" ಎಂದರು. ಮೇಘನಾ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಸುಧಾ ಮೇಜು ಕುಟ್ಟಿ, "ಹೌದಿಲ್ಲೋ! ನಾವೂ ಹಂಗ ಅಂತೀವಿ! ನಾ ಅಂದೆ, ಇವ್ರ ನಡುವ ಬಾಯಿ ಹಾಕಿದ್ರು!" ಎಂದು ಎದ್ದೇ ನಿಂತಳು. ಬೇರೆಬೇರೆ ದೇಶದ ಇಬ್ಬರು ಹೆಂಗಸರು ನನ್ನ ತಪ್ಪಿನ ಮೇಲೆ ಎಷ್ಟು ಬೇಗ ಒಂದಾದರೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆಮೇಲೆ ನನಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಬಾವ್ ಎಂದರೆ ಡಂಪ್ಲಿಂಗ್ ಸುತ್ತುವುದಕ್ಕೂ ಅದೇ ಪದ, ಆಸೆಪಟ್ಟು ಒಳಗೆ ಹೆಚ್ಚು ತುಂಬಿದರೆ ಬೇಯುವಾಗ ಬಾಯಿ ಬಿಡುತ್ತದೆ ಎಂದು ಮಿಸೆಸ್ ಲಿಯು ಬೆರಳಲ್ಲೇ ಮಡಚಿ ತೋರಿಸಿದರು. ಹೋಳಿಗೆಯದ್ದೂ ಅದೇ ಕತೆ, ಹೂರಣ ಜಾಸ್ತಿಯಾದರೆ ಕಣಕ ಹರಿಯುತ್ತದೆ ಎಂದು ಸುಧಾ ಅಂಗೈಯಲ್ಲಿ ತಟ್ಟಿ ತೋರಿಸಿದಳು. ಇಬ್ಬರೂ ನನ್ನನ್ನು ಯಾಕೆ ನೋಡಿದರೋ ತಿಳಿಯದು. ಮಿಸೆಸ್ ಲಿಯು ಅವರ ತವರು ಚೀನಾದ ಚೆಂಗ್ಡು, ಖಾರದ ಸೀಮೆ. ಡಂಪ್ಲಿಂಗ್ ಒಂದನ್ನು ನಮ್ಮ ರಂಜಕದಲ್ಲಿ ಅದ್ದಿ ಬಾಯಿಗಿಟ್ಟವರು ಕಣ್ಣು ಮುಚ್ಚಿ ಸುಮ್ಮನೆ ಕೂತುಬಿಟ್ಟರು. ಮತ್ತೆ ಬೇಕೆಂದು ಕೇಳಿದ್ದು ಅಷ್ಟೊಂದು ಬಗೆಯಲ್ಲಿ ಅದೊಂದನ್ನೇ. ಬಟ್ಟಲು ಖಾಲಿಯಾಯಿತು. ಮೌನ ಸಹಿಸದ ನಾನು ಮೆಣಸಿನಕಾಯಿ ಭಾರತಕ್ಕೆ ಬಂದ ದಾರಿ, ಜಠರದ ಹುಣ್ಣು, ಬ್ಯಾಡಗಿಯ ಬಣ್ಣ, ಹ್ಯಾರೋದಲ್ಲಿ ಕಾರು ನಿಲ್ಲಿಸುವ ಕಷ್ಟ ಇತ್ಯಾದಿಗಳನ್ನು ವಿವರಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲವೆಂದೇ ಭಾವಿಸಿದ್ದೆ.

ಹೊರಡುವ ಹೊತ್ತಿಗೆ ಅವರ ಡಬ್ಬಿ ತೊಳೆದು ಒರೆಸಿ ಸಿದ್ಧವಾಗಿತ್ತು. ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮಲ್ಲಿ ಎಲ್ಲಾದರೂ ಉಂಟೇ? ಸುಧಾ ಅದರಲ್ಲಿ ಹೋಳಿಗೆ ಪೇರಿಸಿ, ಪಕ್ಕದಲ್ಲಿ ಒಂದು ಬಾಟಲಿ ರಂಜಕವನ್ನೂ ಇಟ್ಟಳು. ಮಿಸೆಸ್ ಲಿಯು ಮುಚ್ಚಳ ತೆರೆದು ನೋಡಿ, ಬಾಗಿಲಲ್ಲೇ ನಿಂತು ಮತ್ತೆ ಜೋಪಾನವಾಗಿ ಮುಚ್ಚಿದರು. ಆಮೇಲೆ ಬಾಟಲಿಯನ್ನು ಎತ್ತಿ ಹಿಡಿದು, "ಇದು ನಿಮ್ಮದು. ಖಾಲಿ ಕೊಡುವುದು ನಮ್ಮಲ್ಲೂ ಇಲ್ಲ. ನಾನು ತುಂಬಿಸಿಯೇ ತರಬೇಕು" ಎಂದು, ಮೇಘನಾಳ ಕೆನ್ನೆ ಮುಟ್ಟಿ, "ಮುಂದಿನ ಭಾನುವಾರ ಬರಲಾ? ಮದುವೆಯ ಮಾತೂ ಆಡಬೇಕಲ್ಲ. ನೀನು ಬೆಳಗ್ಗೆಯೇ ಎದ್ದಿರು, ಸುತ್ತುವುದನ್ನು ಕಲಿಸುತ್ತೇನೆ" ಎಂದರು. ಮಗಳು ಅವರನ್ನು ಅಪ್ಪಿಕೊಂಡಳು. ಜುನ್ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕಾರು ಹತ್ತುವ ಮುಂಚೆ ಅವರು ನನ್ನ ಕಡೆ ತಿರುಗಿ ನೋಡಿ, ಮಗನಿಗೆ ಚೀನೀ ಭಾಷೆಯಲ್ಲಿ ಏನೋ ಹೇಳಿ ನಕ್ಕರು. ಅದರಲ್ಲಿ ನನಗೆ ಗೊತ್ತಿದ್ದ ನಾಲ್ಕು ಅಕ್ಷರಗಳೂ ಕೇಳಿಸಿದವು. ಕಾರಿನ ಕಿಟಕಿಗೆ ಅಂಟಿ ನಿಂತು, ಅರ್ಥ ಹೇಳುವವರೆಗೂ ಜುನ್‌ನನ್ನು ಬಿಡಲಿಲ್ಲ. ಅವನು ಕೆಂಪಗಾಗಿ, "ಅಂಕಲ್, ಊಟಕ್ಕೆ ಆ ಮಾತು ಸರಿಹೊಂದಲಿಲ್ಲ, ಆದರೆ ನಿಮ್ಮ ಮಾತುಕತೆಗೆ ಸರಿಯಾಗಿ ಹೊಂದುತ್ತದೆ ಅಂದ್ರು. ಸಾಮಾನ್ಯವಾಗಿ ಅದು ಹೊಗಳಿಕೆಯೇ" ಎಂದ. ಆ 'ಸಾಮಾನ್ಯವಾಗಿ'ಯನ್ನು ವಿಚಾರಿಸುವಷ್ಟರಲ್ಲಿ ಕಾರು ಹೊರಟುಹೋಯಿತು. ನೋಡಿದೆಯಾ, ಪಂಡಿತರ ಉಪನ್ಯಾಸಕ್ಕೆ ಬಳಸುವ ಮಾತು ಎಂದು ಬೀಗುತ್ತ ಹಿಂದಿರುಗಿದರೆ, ಸುಧಾ ಗೇಟು ಹಿಡಿದು ಕಾರು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದಳು. "ಇಷ್ಟ್ ವರ್ಷ ಆತು, ನಿಮಗೊಂದು ಹೆಸರ ಸಿಗವಲ್ದು ಅಂತ ಒದ್ದಾಡತಿದ್ದೆ ನಾ" ಎಂದಳು, "ನಮ್ಮ ಬೀಗತಿ ನೋಡ್ರಿ, ಒಂದ ಊಟದಾಗ ಹುಡುಕಿ ಕೊಟ್ಟ ಹೋದ್ರು."